ಆಯ್ಕೆಗಾರರ ಕಣ್ತಪ್ಪಿದ ಆಟಗಾರ: ಖಾತೆಗೆ ಬಾರದ ನಷ್ಟದ ಕಥೆ

ವ್ಯಾಪಾರದಲ್ಲಿ ಆಯ್ಕೆಯ ತಪ್ಪಿನಿಂದ ಆಗುವ ನಷ್ಟಗಳಲ್ಲಿ ಎರಡು ಬಗೆ. ಕೊಳ್ಳಬಾರದ ಸರಕನ್ನು ಕೊಂಡದ್ದರಿಂದ, ನೇಮಿಸಬಾರದ ವ್ಯಕ್ತಿಯನ್ನು ನೇಮಿಸಿಕೊಂಡದ್ದರಿಂದ ಆಗುವ ನಷ್ಟ ಮೊದಲನೆಯದು. ಇದು ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಎದ್ದು ಕಾಣುತ್ತದೆ. ಅದಕ್ಕೆ ಹೊಣೆ ಯಾರೆಂಬ ಪ್ರಶ್ನೆಯೂ ಏಳುತ್ತದೆ. ಯೋಗ್ಯವಾದುದನ್ನು ಬೇಡವೆಂದು ಹಿಂದಿರುಗಿಸಿದ್ದರಿಂದ ಆಗುವ ನಷ್ಟ ಎರಡನೆಯದು. ಇದನ್ನು ಬರೆದಿಡಲು ಯಾವ ಪುಸ್ತಕದಲ್ಲೂ ಖಾತೆಯಿಲ್ಲ. ಆದ್ದರಿಂದಲೇ ಇದು ವರ್ಷವರ್ಷವೂ ಮರುಕಳಿಸುತ್ತದೆ. ಈ ಎರಡನೆಯ ಬಗೆಯ ನಷ್ಟವನ್ನು ಅರಿಯಲು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕ್ಷೇತ್ರದಲ್ಲಿ ನಡೆದ ಒಂದು ಪ್ರಸಂಗ ಬಹು ಉಪಯುಕ್ತವಾಗಿದೆ.

ಆಯ್ಕೆಯ ವ್ಯವಸ್ಥೆ

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಟ್ಯಂತರ ಡಾಲರ್‌ಗಳ ವಹಿವಾಟು. ಪ್ರೌಢಶಾಲೆಯ ಆಟಗಾರರನ್ನು ಗುರುತಿಸಲು ಕಾಲೇಜುಗಳ ತರಬೇತುದಾರರು ಬೇಸಿಗೆಯುದ್ದಕ್ಕೂ ಪಂದ್ಯಾವಳಿಯಿಂದ ಪಂದ್ಯಾವಳಿಗೆ ಸಂಚರಿಸುತ್ತಾರೆ. ಆಟಗಾರರಿಗೆ ಒಂದರಿಂದ ಐದು ನಕ್ಷತ್ರಗಳವರೆಗೆ ದರ್ಜೆ ನೀಡುವ ಸಂಸ್ಥೆಗಳೂ ಇವೆ. ನಾವು ಹೇಳುತ್ತಿರುವ 2006ರ ಸುಮಾರಿಗೆ, ಮೇಲ್ದರ್ಜೆಯ ಕಾಲೇಜೊಂದು ತನ್ನ ಪುರುಷರ ತಂಡಕ್ಕೆ ಕೊಡಬಹುದಾಗಿದ್ದ ವಿದ್ಯಾರ್ಥಿವೇತನಗಳ ಸಂಖ್ಯೆ ಕೇವಲ 13. ಬಂಡವಾಳ ಮಿತವಾಗಿರುವೆಡೆ ಆಯ್ಕೆಗಾರ ಸಹಜವಾಗಿಯೇ ಅಂಜುತ್ತಾನೆ. ಅಳೆಯಲು ಸುಲಭವಾದ ಎತ್ತರ, ತೂಕ ಮತ್ತು ಜಿಗಿತಗಳು ಅವನಿಗೆ ಭದ್ರವಾದ ಆಧಾರಗಳಾಗಿ ತೋರುತ್ತವೆ.

ಕೈಬಿಡಲು ಕಾರಣ

ಉತ್ತರ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿ ಬೆಳೆದ ಸ್ಟೆಫನ್ ಕರಿ ಎಂಬ ಹುಡುಗ ಈ ಅಳತೆಗಳಿಗೆ ಒಗ್ಗಲಿಲ್ಲ. 1988ರಲ್ಲಿ ಜನಿಸಿದ ಅವನ ಎತ್ತರ ಪ್ರೌಢಶಾಲೆ ಮುಗಿಸುವಾಗ ಸುಮಾರು 6 ಅಡಿ. ತೂಕ 75 ಕಿಲೋಗೂ ಕಡಿಮೆ. ಆರೂವರೆ ಅಡಿಯ ಆಟಗಾರರು ಸಾಮಾನ್ಯವಾಗಿರುವ ಕಣದಲ್ಲಿ ಅವನು ಪೀಚಲು ಹುಡುಗನಂತೆ ಕಾಣುತ್ತಿದ್ದ. ತಂದೆ ಡೆಲ್ ಕರಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಘವಾದ ಎನ್‌ಬಿಎಯಲ್ಲಿ 16 ಋತುಗಳನ್ನು ಆಡಿದ್ದವರು. ಆದ್ದರಿಂದ ಹುಡುಗ ಯಾರಿಗೂ ಅಪರಿಚಿತನಾಗಿರಲಿಲ್ಲ. ಹಾಗಿದ್ದೂ ಪ್ರಮುಖ ಕಾಲೇಜುಗಳಾವುವೂ ಅವನಿಗೆ ವಿದ್ಯಾರ್ಥಿವೇತನ ನೀಡಲು ಮುಂದೆ ಬರಲಿಲ್ಲ. ತಂದೆತಾಯಿಗಳಿಬ್ಬರೂ ಆಡಿದ್ದ ವರ್ಜೀನಿಯಾ ಟೆಕ್ ಸಂಸ್ಥೆ ಕೂಡ, ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಬಹುದೆಂದಷ್ಟೇ ಹೇಳಿತು.

ಇಲ್ಲಿ ಮಾಹಿತಿಯ ಕೊರತೆ ಇರಲಿಲ್ಲವೆಂಬುದನ್ನು ಗಮನಿಸಬೇಕು. ಹುಡುಗ ದೂರದಿಂದ ಗುರಿ ತಪ್ಪದೆ ಚೆಂಡೆಸೆಯುತ್ತಾನೆಂಬುದನ್ನು ಅವರೆಲ್ಲರೂ ಕಂಡಿದ್ದರು. ಕಂಡದ್ದಕ್ಕೆ ಕಟ್ಟಿದ ಬೆಲೆಯಲ್ಲಿ ಲೋಪವಿತ್ತು. ಎತ್ತರದ ಹುಡುಗನನ್ನು ಆರಿಸಿ ಅವನು ವಿಫಲನಾದರೆ ಆಯ್ಕೆಗಾರನನ್ನು ಯಾರೂ ದೂರುವುದಿಲ್ಲ. ಪೀಚಲು ಹುಡುಗನನ್ನು ಆರಿಸಿ ಅವನು ಸೋತರೆ ಮಾತ್ರ ದೂರು ಖಚಿತ.

ಚಿಕ್ಕ ಕಾಲೇಜು ಕಂಡದ್ದು

ಷಾರ್ಲಟ್‌ನಿಂದ ಸುಮಾರು 20 ಮೈಲಿ ದೂರದಲ್ಲಿರುವ ಡೇವಿಡ್‌ಸನ್ ಕಾಲೇಜು ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಚಿಕ್ಕ ವಿದ್ಯಾಸಂಸ್ಥೆ. 1989ರಿಂದ 2022ರವರೆಗೆ ಅಲ್ಲಿನ ಮುಖ್ಯ ತರಬೇತುದಾರರಾಗಿದ್ದ ಬಾಬ್ ಮೆಕಿಲಪ್ ಅವರಿಗೆ ಸ್ಟೆಫನ್ ಬಾಲ್ಯದಿಂದಲೇ ಪರಿಚಿತ. ಅವರ ಮಗನೂ ಸ್ಟೆಫನ್ನನೂ ಚಿಕ್ಕಂದಿನಲ್ಲಿ ಒಂದೇ ಬೇಸ್‌ಬಾಲ್ ತಂಡದಲ್ಲಿದ್ದರು. ಮುಂದೆ ಲಾಸ್ ವೇಗಸ್‌ನ ಬೇಸಿಗೆ ಪಂದ್ಯವೊಂದರಲ್ಲಿ ಸ್ಟೆಫನ್ ತೀರ ಕಳಪೆಯಾಗಿ ಆಡಿದ್ದನ್ನು ಮೆಕಿಲಪ್ ಕಂಡರು. ಆದರೆ ಅವರ ಗಮನ ಇದ್ದದ್ದು ಬೇರೆಡೆ. ಹುಡುಗ ತಪ್ಪುಗಳ ನಡುವೆಯೂ ಜೊತೆ ಆಟಗಾರರನ್ನಾಗಲಿ ತೀರ್ಪುಗಾರರನ್ನಾಗಲಿ ದೂರಲಿಲ್ಲ. ಹೊರಗೆ ಕುಳಿತಾಗ ಸಂಗಡಿಗರನ್ನು ಹುರಿದುಂಬಿಸಿದ. ತನ್ನ ತರಬೇತುದಾರರ ಮಾತನ್ನು ಕಣ್ಣಿಗೆ ಕಣ್ಣಿಟ್ಟು ಕೇಳಿದ. ಅಂಕಪಟ್ಟಿಯಲ್ಲಿ ಬಾರದ ಈ ಗುಣಗಳನ್ನು ಮೆಕಿಲಪ್ ಲೆಕ್ಕಕ್ಕೆ ತೆಗೆದುಕೊಂಡರು.

ಆಯ್ಕೆಯಷ್ಟೇ ಮುಖ್ಯವಾದದ್ದು ನಂತರದ ತಾಳ್ಮೆ. 2006ರ ನವೆಂಬರಿನಲ್ಲಿ ಈಸ್ಟರ್ನ್ ಮಿಷಿಗನ್ ವಿರುದ್ಧದ ತನ್ನ ಮೊದಲ ಕಾಲೇಜು ಪಂದ್ಯದಲ್ಲಿ ಸ್ಟೆಫನ್ 13 ಬಾರಿ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟ. ಮೆಕಿಲಪ್ ಅವನನ್ನು ತಂಡದಿಂದ ಕೈಬಿಡಲಿಲ್ಲ. ಮರುಪಂದ್ಯದಲ್ಲಿ ಮಿಷಿಗನ್ ವಿರುದ್ಧ ಅವನು ಗಳಿಸಿದ್ದು 32 ಅಂಕ. ದೊಡ್ಡ ಕಾಲೇಜೊಂದರಲ್ಲಿ ಇಂಥ ಆರಂಭದ ನಂತರ ಹೊಸಬನಿಗೆ ಎರಡನೆಯ ಅವಕಾಶ ಅಷ್ಟು ಬೇಗ ಸಿಗುವುದು ಕಷ್ಟ.

ಫಲಿತಾಂಶ

2008ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಹತ್ತನೆಯ ಶ್ರೇಯಾಂಕದ ಡೇವಿಡ್‌ಸನ್, ತನಗಿಂತ ಮೇಲಿನ ಶ್ರೇಯಾಂಕದ ಗೊನ್ಜಾಗ, ಜಾರ್ಜ್‌ಟೌನ್ ಮತ್ತು ವಿಸ್ಕಾನ್ಸಿನ್ ತಂಡಗಳನ್ನು ಮಣಿಸಿತು. ಈ ಮೂರು ಪಂದ್ಯಗಳಲ್ಲಿ ಸ್ಟೆಫನ್ ಕ್ರಮವಾಗಿ 40, 30 ಮತ್ತು 33 ಅಂಕ ಗಳಿಸಿದರು. 1969ರ ನಂತರ ಆ ಪಂದ್ಯಾವಳಿಯಲ್ಲಿ ಕಾಲೇಜು ಕಂಡ ಮೊದಲ ಗೆಲುವುಗಳಿವು. ಮುಂದೆ ಪ್ರಶಸ್ತಿ ಗೆದ್ದ ಕ್ಯಾನ್ಸಸ್ ತಂಡದೆದುರು ಡೇವಿಡ್‌ಸನ್ ಸೋತದ್ದು 57-59ರಲ್ಲಿ, ಕೇವಲ ಎರಡು ಅಂಕಗಳಿಂದ.

2009ರಲ್ಲಿ ಎನ್‌ಬಿಎ ಆಯ್ಕೆ ನಡೆದಾಗಲೂ ಸಂದೇಹ ಪೂರ್ತಿ ಅಳಿದಿರಲಿಲ್ಲ. ಆರು ಆಟಗಾರರು ಆಯ್ಕೆಯಾದ ಮೇಲೆ, ಏಳನೆಯವರಾಗಿ ಅವರನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಆರಿಸಿತು. ಆ ತಂಡ ಅವರೊಂದಿಗೆ 2015, 2017, 2018 ಮತ್ತು 2022ರಲ್ಲಿ ಪ್ರಶಸ್ತಿ ಗೆದ್ದಿತು. 2015 ಮತ್ತು 2016ರಲ್ಲಿ ಅವರು ಎನ್‌ಬಿಎಯ ಅತ್ಯಮೂಲ್ಯ ಆಟಗಾರರೆನಿಸಿದರು. ಎರಡನೆಯ ಬಾರಿ ಸರ್ವಾನುಮತದಿಂದ. ಪಾದರಕ್ಷೆ ತಯಾರಕರಲ್ಲೂ ಇದೇ ಕಥೆ ನಡೆಯಿತು. ಆರಂಭದಲ್ಲಿ ಅವರೊಂದಿಗೆ ಕರಾರು ಹೊಂದಿದ್ದುದು ಬೃಹತ್ ಸಂಸ್ಥೆಯಾದ ನೈಕಿ. 2013ರಲ್ಲಿ ಅದು ಕೈಬಿಟ್ಟುಹೋಗಿ, ಅದಕ್ಕಿಂತ ಬಹಳ ಚಿಕ್ಕದಾಗಿದ್ದ ಅಂಡರ್ ಆರ್ಮರ್ ಸಂಸ್ಥೆ ಅವರನ್ನು ತನ್ನದಾಗಿಸಿಕೊಂಡಿತು.

ಹಳೆಯ ಅಳತೆಗೋಲು, ಹೊಸ ಮಾರುಕಟ್ಟೆ

ಬೆಲೆ ಕಟ್ಟುವಲ್ಲಿ ತಪ್ಪಾದದ್ದೇಕೆಂದು ಸರಳ ಲೆಕ್ಕವೊಂದು ತಿಳಿಸುತ್ತದೆ. ಬುಟ್ಟಿಯ ಹತ್ತಿರದಿಂದ ಹಾಕುವ ಚೆಂಡಿಗೆ 2 ಅಂಕ. ನಿಗದಿತ ಗೆರೆಯ ಹೊರಗಿನಿಂದ ಹಾಕಿದರೆ 3 ಅಂಕ. ಹತ್ತಿರದಿಂದ ನೂರು ಎಸೆತಗಳಲ್ಲಿ 50 ಸಫಲವಾದರೆ ದೊರೆಯುವುದು 100 ಅಂಕ. ದೂರದಿಂದ 40 ಮಾತ್ರ ಸಫಲವಾದರೂ ದೊರೆಯುವುದು 120 ಅಂಕ. 2007-08ರ ಋತುವಿನಲ್ಲಿ ಸ್ಟೆಫನ್ ಅವರ ದೂರದೆಸೆತಗಳಲ್ಲಿ ಸಫಲವಾದವು ಶೇಕಡಾ 43.9. ಅಂದರೆ ನೂರು ಎಸೆತಗಳಿಗೆ ಸುಮಾರು 132 ಅಂಕ!

ಈ ಮೂರಂಕದ ನಿಯಮ ಎನ್‌ಬಿಎಯಲ್ಲಿ 1979ರಿಂದಲೂ, ಕಾಲೇಜು ಪಂದ್ಯಗಳಲ್ಲಿ 1986ರಿಂದಲೂ ಜಾರಿಯಲ್ಲಿತ್ತು. ನಿಯಮ ಬದಲಾಗಿ ಎರಡು ದಶಕಗಳು ಕಳೆದಿದ್ದರೂ ಆಯ್ಕೆಗಾರರು ಬುಟ್ಟಿಯ ಹತ್ತಿರ ಸೆಣಸುವ ದೇಹಕ್ಕೇ ಹೆಚ್ಚಿನ ಬೆಲೆ ಕೊಡುತ್ತಿದ್ದರು.

ಒಂದು ಎಚ್ಚರಿಕೆ

ಹಾಗೆಂದು ತಿರಸ್ಕೃತರಾದವರೆಲ್ಲ ರತ್ನಗಳೆಂದು ಭಾವಿಸಬಾರದು. ಅಂದು ಕೈಬಿಡಲ್ಪಟ್ಟ ಬಹುಪಾಲು ಹುಡುಗರ ವಿಷಯದಲ್ಲಿ ಆಯ್ಕೆಗಾರರ ತೀರ್ಮಾನ ಸರಿಯಾಗಿಯೇ ಇದ್ದಿರಬೇಕು. ಸ್ಟೆಫನ್ ಆ ನಂತರ ಎರಡು ಮೂರು ಅಂಗುಲ ಬೆಳೆದದ್ದೂ ನಿಜ. ಅಳತೆಗಳನ್ನು ತೊರೆಯಬೇಕೆಂಬುದು ಇದರ ಅರ್ಥವಲ್ಲ. ಅವು ಯಾವುದನ್ನು ಅಳೆಯುವುದಿಲ್ಲವೆಂಬ ಅರಿವಿರಬೇಕು.

ನಮ್ಮ ಉದ್ಯಮಗಳಿಗೆ ಅನ್ವಯ

ನೌಕರರ ನೇಮಕ, ಬಿಡಿಭಾಗ ಪೂರೈಕೆದಾರರ ಆಯ್ಕೆ, ಹೊಸ ಗ್ರಾಹಕರಿಗೆ ಸಾಲ ಕೊಡುವ ತೀರ್ಮಾನ ಇವೆಲ್ಲವುಗಳಲ್ಲಿ ನಮ್ಮ ವರ್ತಕ ಬಾಂಧವರೂ ಸಣ್ಣ ತಯಾರಕರೂ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬಹುದು.

1. ಬೇಡವೆಂದು ಹಿಂದಿರುಗಿಸಿದ ಅರ್ಜಿ ಮತ್ತು ದರಪಟ್ಟಿಗಳ ಒಂದು ದಾಖಲೆ ಇಡುವುದು. ಎರಡು ವರ್ಷಗಳ ನಂತರ ಅವರು ಎಲ್ಲಿದ್ದಾರೆಂದು ನೋಡುವುದು. ಎರಡನೆಯ ಬಗೆಯ ನಷ್ಟಕ್ಕೆ ಇದೇ ಖಾತೆ.

2. ನಮ್ಮ ಅರ್ಹತಾ ನಿಯಮಗಳು ಇಂದಿನ ಕೆಲಸಕ್ಕೆ ಹೊಂದುತ್ತವೆಯೇ, ಅಥವಾ ಹಳೆಯ ಯಂತ್ರ ಮತ್ತು ಹಳೆಯ ಮಾರುಕಟ್ಟೆಯ ಕಾಲದವೇ ಎಂದು ಕೇಳಿಕೊಳ್ಳುವುದು.

3. ಸರಕಿನ ಮಾದರಿ ತಿರಸ್ಕೃತವಾದಾಗ ಪೂರೈಕೆದಾರ, ಕೆಲಸ ಕೆಟ್ಟಾಗ ನೌಕರ ಹೇಗೆ ವರ್ತಿಸುತ್ತಾನೆಂಬುದನ್ನು ಗಮನಿಸುವುದು.

4. ಆರಿಸಿಕೊಂಡವರಿಗೆ ಮೊದಲ ತಪ್ಪಿನ ನಂತರವೂ ನ್ಯಾಯವಾದ ಅವಕಾಶ ಕೊಡುವುದು.

ಎಲ್ಲರೂ ಬಯಸುವ ವ್ಯಕ್ತಿಗೆ ದೊಡ್ಡ ಸಂಸ್ಥೆ ತೆರುವಷ್ಟು ಬೆಲೆಯನ್ನು ಸಣ್ಣ ಉದ್ಯಮ ತೆರಲಾರದು. ಆದರೆ ಮಾಲೀಕನೇ ಮುಂದೆ ನಿಂತು, ಸಮಯ ಕೊಟ್ಟು ಒಬ್ಬ ಮನುಷ್ಯನನ್ನು ಪರೀಕ್ಷಿಸುವ ಅನುಕೂಲ ಅದಕ್ಕಿದೆ. ಡೇವಿಡ್‌ಸನ್ ಕಾಲೇಜಿನ ಬಳಿ ಇದ್ದ ಬಂಡವಾಳವೂ ಅಷ್ಟೇ ಆಗಿತ್ತು.