ಗಾಜಿನ ತೊಟ್ಟಿಯಲ್ಲಿ ನೈದಿಲೆ

ಕೆರೆಯಿಂದ ತಂದ ನೈದಿಲೆಯನ್ನು ಅಕ್ವೇರಿಯಂನಲ್ಲಿ ನೆಟ್ಟರೆ ಎರಡೇ ವಾರದಲ್ಲಿ ಎಲೆಗಳೆಲ್ಲ ಹಳದಿಯಾಗಿ ಕೊಳೆಯುವುದೇಕೆ? ಮಂಡ್ಯ ತಾಲ್ಲೂಕಿನ ಹೊಳಲು ಕಡೆಯಿಂದ ಬಂದ ಪ್ರಶ್ನೆ ಇದು. ವಿದ್ಯಾರ್ಥಿ ಮಿತ್ರರೇ, ಎಲೆ ಕೊಳೆತ ಮಾತ್ರಕ್ಕೆ ಗಿಡ ಸತ್ತಿತೆಂದು ತಿಳಿಯಬೇಡಿ. ಗಡ್ಡೆಯನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅದಕ್ಕೆ ಜೀವವಿದೆ. ಮೂರಡಿ ಆಳದ ನೀರಿಗೆ ತಕ್ಕಂತೆ ಬೆಳೆದಿದ್ದ ಎಲೆಗಳು ಒಂದಡಿಯ ತೊಟ್ಟಿಯಲ್ಲಿ ಉಪಯೋಗಕ್ಕೆ ಬಾರದೆ ಉದುರುತ್ತವೆ. ಗಿಡ ಮತ್ತೆ ಮೊದಲಿನಿಂದ ಆರಂಭಿಸುತ್ತದೆ.

ನೈದಿಲೆಯನ್ನು ತಾವರೆಯೊಂದಿಗೆ ಬೆರೆಸುವವರು ಬಹಳ ಮಂದಿ. ತಾವರೆಯ ಎಲೆ ತಟ್ಟೆಯಂತೆ ದುಂಡಗಿದ್ದು ನೀರಿನಿಂದ ಮೇಲಕ್ಕೆದ್ದು ನಿಲ್ಲುತ್ತದೆ. ನೈದಿಲೆಯ ಎಲೆಗೆ ತೊಟ್ಟಿನವರೆಗೆ ಒಂದು ಸೀಳಿರುತ್ತದೆ. ಅದು ನೀರಿನ ಮೇಲೆ ಮಲಗಿರುತ್ತದೆ. ಇವೆರಡೂ ಸೋದರ ಸಂಬಂಧಿಗಳೂ ಅಲ್ಲ, ಬೇರೆ ಬೇರೆ ಕುಟುಂಬದವು. ತಾವರೆ ಸೂರ್ಯನಿಗೆ, ನೈದಿಲೆ ಚಂದ್ರನಿಗೆ ಎಂಬುದು ನಮ್ಮ ಕವಿಗಳ ಸಂಪ್ರದಾಯ. ನಮ್ಮಲ್ಲಿ ಬೆಳೆಯುವ ನಿಂಫಿಯಾ ಪ್ಯುಬೆಸೆನ್ಸ್ ಎಂಬ ನೈದಿಲೆಯ ಮಟ್ಟಿಗೆ ಇದು ನಿಜ; ಅದು ರಾತ್ರಿ ಅರಳುತ್ತದೆ. ಆದರೆ ನಿಂಫಿಯಾ ನೌಚಾಲಿ, ಅಂದರೆ ನೀಲಿ ಛಾಯೆಯ ಕನ್ನೈದಿಲೆ, ಹಗಲಿನಲ್ಲೇ ಅರಳುವ ಹೂವು. ಅಕ್ವೇರಿಯಂಗೆ ಬೇಕಾದದ್ದು ಈ ಎರಡನೆಯದು. ಇದರ ಗಡ್ಡೆ ಚಿಕ್ಕದು, ಇಕ್ಕಟ್ಟಿಗೂ ಹೊಂದಿಕೊಳ್ಳುತ್ತದೆ.

ಗಡ್ಡೆ ಚಿಗುರಿದಾಗ ಮೊದಲು ಬರುವುದು ನೀರೊಳಗಿನ ಎಲೆಗಳು. ಇವು ತೆಳ್ಳಗೆ, ಮೃದುವಾಗಿ, ಬಾಣದ ತುದಿಯನ್ನು ಹೋಲುತ್ತವೆ. ಬೇಕಾದ ಅನಿಲಗಳನ್ನು ನೀರಿನಿಂದಲೇ ಹೀರಿಕೊಳ್ಳುತ್ತವೆ. ಬಲ ಬಂದ ಮೇಲೆ ಗಿಡ ತೇಲುವ ಎಲೆಗಳನ್ನು ಕಳುಹಿಸುತ್ತದೆ. ನೆಲದ ಮೇಲಿನ ಬಹುಪಾಲು ಗಿಡಗಳಲ್ಲಿ ಪತ್ರರಂಧ್ರಗಳು ಎಲೆಯ ಕೆಳಗೆ ಹೆಚ್ಚು. ನೈದಿಲೆಯ ತೇಲುವ ಎಲೆಯಲ್ಲಿ ಅವು ಇರುವುದು ಮೇಲ್ಭಾಗದಲ್ಲಿ, ಗಾಳಿ ಸಿಗುವುದು ಅಲ್ಲಿಯೇ ಅಲ್ಲವೇ? ಎಲೆಯ ಎರಡೂ ಮೈಗೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಪೊರೆಯನ್ನು ಬಿಡಿಸಿ, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ. ಪಠ್ಯಪುಸ್ತಕದ ಚಿತ್ರಕ್ಕಿಂತ ಇದು ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.

ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಹೂತಿರುವ ಗಡ್ಡೆ ಉಸಿರಾಡುವುದು ಹೇಗೆ? ದಂಟನ್ನು ಅಡ್ಡಲಾಗಿ ಕೊಯ್ದರೆ ಕಣ್ಣಿಗೇ ಕಾಣುವ ಗಾಳಿಕೊಳವೆಗಳು ಸಿಗುತ್ತವೆ. ಗೇಣುದ್ದದ ದಂಟನ್ನು ಶುದ್ಧ ನೀರಿನಲ್ಲಿ ತೊಳೆದು, ಒಂದು ತುದಿಯನ್ನು ಲೋಟದ ನೀರಿನಲ್ಲಿಟ್ಟು ಇನ್ನೊಂದರಿಂದ ಊದಿದರೆ ಗುಳ್ಳೆಗಳೇಳುತ್ತವೆ. ನೈದಿಲೆಯ ಕುಟುಂಬಕ್ಕೇ ಸೇರಿದ ಹಳದಿ ಹೂವಿನ ನ್ಯೂಫರ್ ಎಂಬ ಗಿಡವನ್ನು ಅಭ್ಯಸಿಸಿದ ಅಮೆರಿಕದ ಜಾನ್ ಡೇಸಿ 1980ರಲ್ಲಿ ಸೊಗಸಾದ ವಿಷಯವೊಂದನ್ನು ಪ್ರಕಟಿಸಿದರು. ಬಿಸಿಲಿಗೆ ಕಾದ ಎಳೆಯ ಎಲೆಗಳೊಳಗೆ ಒತ್ತಡ ಏರುತ್ತದೆ. ಗಾಳಿ ಅಲ್ಲಿಂದ ದಂಟಿನ ಮೂಲಕ ಕೆಸರಿನೊಳಗಿನ ಕಾಂಡಕ್ಕಿಳಿದು, ಹಳೆಯ ಎಲೆಗಳ ದಂಟಿನಲ್ಲಿ ಮೇಲೇರಿ ಹೊರಬೀಳುತ್ತದೆ. ಯಾವ ಮೋಟಾರೂ ಇಲ್ಲದೆ ಗಿಡದೊಳಗೇ ಗಾಳಿ ಬೀಸುತ್ತಿರುತ್ತದೆ!

ಇನ್ನು ನೆಡುವ ವಿಚಾರ. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಗೆ ಸುಮಾರು 70 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಒಂದೇ ಗಿಡ ಸಾಕು. ಅಗಲ ಬಾಯಿಯ ಸಣ್ಣ ಕುಂಡದಲ್ಲಿ ಗದ್ದೆಯ ಜೇಡಿಮಣ್ಣು ತುಂಬಿ, ಚಿಗುರಿನ ತುದಿ ಮಣ್ಣಿನ ಮೇಲೆ ಉಳಿಯುವಂತೆ ಗಡ್ಡೆಯನ್ನು ನೆಟ್ಟು, ತೊಳೆದ ಮರಳನ್ನು ಒಂದಂಗುಲ ಹರಡಿ. ಸಗಣಿ ಗೊಬ್ಬರ ಖಂಡಿತ ಬೇಡ. ಮುಚ್ಚಿದ ತೊಟ್ಟಿಯಲ್ಲಿ ಅದು ಕೊಳೆತು ಆಮ್ಲಜನಕವನ್ನು ಕಬಳಿಸುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿ. ಗಪ್ಪಿಯಂಥ ಚಿಕ್ಕ ಮೀನುಗಳು ಸರಿ. ಗೋಲ್ಡ್ ಫಿಶ್ ಗಿಡವನ್ನು ಕಿತ್ತುಹಾಕುತ್ತದೆ.

ಎಲ್ಲಕ್ಕಿಂತ ಮುಖ್ಯ ಬೆಳಕು. ಮನೆಯ ನಡುಕೋಣೆ ನಮ್ಮ ಕಣ್ಣಿಗೆ ಬೆಳಕಾಗಿ ತೋರಿದರೂ ಗಿಡಕ್ಕೆ ಅದು ಕತ್ತಲೆ. ಗಡ್ಡೆ ತನ್ನೊಳಗಿನ ಪಿಷ್ಟ ಮುಗಿಯುವವರೆಗೆ ಎಲೆ ಕಳುಹಿಸಿ ಕೊನೆಗೆ ಸೋಲುತ್ತದೆ. ತೊಟ್ಟಿಯ ಮೇಲೆ ಎಲ್‌ಇಡಿ ದೀಪವನ್ನು ದಿನಕ್ಕೆ ಎಂಟು ಹತ್ತು ಗಂಟೆ ಉರಿಸಬೇಕು. ತೇಲುವ ಎಲೆಗಳು ನೀರಿನ ಮೇಲ್ಮೈಯನ್ನು ಮುಚ್ಚಿದರೆ ಕೆಳಗಿನ ಎಲೆಗಳಿಗೆ ಕತ್ತಲಾಗುತ್ತದೆ. ಆದ್ದರಿಂದ ಅವು ಸುರುಳಿಯಾಗಿ ಮೇಲೇರುವಾಗಲೇ ಬುಡದಲ್ಲಿ ಕತ್ತರಿಸಿ. ಗಿಡ ನೀರೊಳಗಿನ ಎಲೆಗಳನ್ನೇ ಕೊಡುತ್ತ ಪೊದೆಯಾಗುತ್ತದೆ. ಆದರೆ ಆಗ ಹೂವಿನ ಆಸೆ ಬಿಡಬೇಕು. ಅಂಗಡಿಯವರು ಏನೇ ಹೇಳಲಿ, ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ನೈದಿಲೆ ಹೂ ಬಿಡುವುದು ಅಪರೂಪ. ಹೂ ಬೇಕಾದವರು ಐದಾರು ಗಂಟೆ ಬಿಸಿಲು ಬೀಳುವ ಅಂಗಳದಲ್ಲಿ ಸಿಮೆಂಟ್ ತೊಟ್ಟಿ ಇಡಲಿ. ಸೊಳ್ಳೆಮರಿಗಳನ್ನು ತಿನ್ನಲು ಅದರಲ್ಲಿಯೂ ಗಪ್ಪಿ ಇರಬೇಕು.

ಗಡ್ಡೆಗಾಗಿ ನೀವೇ ಕೆರೆಗೆ ಇಳಿಯಬೇಡಿ. ದಂಟುಗಳು ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರಿಗೂ ಅಪಾಯ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಿರಿಯರ ಜೊತೆ ಹೋಗಿ ದಡದಿಂದ ಒಂದೇ ಒಂದನ್ನು ತನ್ನಿ.

ಅದಕ್ಕಿಂತ ದೊಡ್ಡ ಅಪಾಯ ತೊಟ್ಟಿಯಿಂದ ಹೊರಗೆ ಹೋಗುವ ವಸ್ತುವಿನದು. ದಕ್ಷಿಣ ಅಮೆರಿಕದ ನೀರು ಹಯಸಿಂತ್ ಹೂವಿನ ಅಂದಕ್ಕಾಗಿ ನಮ್ಮ ದೇಶಕ್ಕೆ ಬಂದದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಇಂದು ಅದು ಎಷ್ಟು ಕೆರೆಗಳನ್ನು ಮುಚ್ಚಿದೆಯೆಂದು ನೀವೇ ನೋಡಿದ್ದೀರಿ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕಬೊಂಬ ಕೂಡ ಅದೇ ಖಂಡದ ಕಡೆಯದು. ತುಂಡಾದ ಕಡ್ಡಿಯಿಂದಲೇ ಚಿಗುರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರು ಒದಗಿಸುವುದು ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ. ಮೇಲಿನ ಊರಿನವರು ಕವಲುಗಾಲುವೆಗೆ ಸುರಿದ ತೊಟ್ಟಿಯ ಕಳೆ ಕೆಳಗೆ ಹೋಗಿ ತೂಬಿನಲ್ಲಿ ಕಟ್ಟಿಕೊಂಡರೆ ನೀರು ತಪ್ಪುವುದು ಕೊನೆಯಂಚಿನ ರೈತನಿಗೆ. ತೊಟ್ಟಿ ಬೇಡವಾದಾಗ ಗಿಡಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ತಿಪ್ಪೆಗೆ ಹಾಕಿ, ನೀರನ್ನು ತೆಂಗಿನ ಬುಡಕ್ಕೆ ಸುರಿಯಿರಿ, ಮೀನುಗಳನ್ನು ಗೆಳೆಯರಿಗೆ ಕೊಡಿ.