‘ಈ ಮಗ್ಗಲಾಗ್ರಿ ಅವ್ವಾ’

ನಾಗಪುರದ ವೃದ್ಧಾಶ್ರಮವೊಂದರಲ್ಲಿ ನನ್ನ ಸೋದರತ್ತೆ ಇದ್ದಾರೆ. ಪಾರ್ಶ್ವವಾಯು ಬಡಿದ ಮೇಲೆ ಹಾಸಿಗೆಯೇ ಗತಿ. ನಲವತ್ತು ವರ್ಷ ಆಡಿದ ಮರಾಠಿ ಮರೆತುಹೋಗಿದೆ; ಉಳಿದದ್ದು ಧಾರವಾಡದ ಕನ್ನಡ ಮಾತ್ರ. ಮೈ ಒರೆಸಲು ಬಂದ ಆಯಾಗಳಿಗೆ ಹೊಡೆಯುತ್ತಿದ್ದರು. ಅರ್ಥವಾಗದ ಮಾತಾಡುತ್ತ ಯಾರೋ ಸೀರೆ ಸರಿಸಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ದೇವನಾಗರಿಯಲ್ಲಿ ಒಂದಷ್ಟು ಕನ್ನಡ ಮಾತು ಬರೆದು ಗೋಡೆಗೆ ಅಂಟಿಸಿದೆ. ‘ಮೈ ಒರಸ್ತೀನ್ರಿ ಅವ್ವಾ’, ‘ಈ ಮಗ್ಗಲಾಗ್ರಿ’, ‘ನೀರು ಭಾಳ ಬಿಸಿ ಅದ ಏನ್ರಿ?’ ಈಗ ಹೊಡೆತ ನಿಂತಿದೆ. ಬೈಗುಳ ಇದ್ದೇ ಇದೆ, ಅದು ಆಯಾಗಳಿಗೆ ತಿಳಿಯದಿರುವುದೇ ಒಳ್ಳೆಯದು.

ಉಳಿದದ್ದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು, ತಪ್ಪಿದರೆ ಮೂತ್ರದ ಸೋಂಕು. 45 ಡಿಗ್ರಿ ಮುಟ್ಟುವ ಇಲ್ಲಿನ ಮೇ ತಿಂಗಳಲ್ಲಿ ಮೈಯ ಮಡಿಕೆಗಳನ್ನು ಬೆವರಿಲ್ಲದಂತೆ ಒಣಗಿಸುವುದೇ ದೊಡ್ಡ ಕೆಲಸ.

ಹತ್ತಿರದ ಸೇವಾಗ್ರಾಮದಲ್ಲಿ ಗಾಂಧೀಜಿ ಕುಷ್ಠರೋಗಿ ಪರಚುರೆ ಶಾಸ್ತ್ರಿಗಳ ಮೈ ತಾವೇ ನೀವುತ್ತಿದ್ದರು. ಆ ಫೋಟೊ ಪ್ರಸಿದ್ಧ. ಅಂಥದೇ ಕೆಲಸ ದಿನವೂ ಮಾಡುವ ಆಯಾಗಳ ಸಂಬಳ ನಾವು ಕೇಳುವುದಿಲ್ಲ.

ಹೆತ್ತವರಿಗಾಗಿ ಆಶ್ರಮ ಹುಡುಕುವವರು ತೋಟ, ಟಿವಿ ನೋಡಿ ಮರುಳಾಗಬೇಡಿ. ರಾತ್ರಿ ಪಾಳಿಗೆ ಎಷ್ಟು ಆಯಾಗಳಿದ್ದಾರೆ, ಮೈ ಒರೆಸುವಾಗ ಪರದೆ ಎಳೆಯುತ್ತಾರೆಯೇ ಎಂದು ವಿಚಾರಿಸಿ.