ದೋಣಿಯ ಓಟ ಇರುವುದು ತಳದಲ್ಲಿ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಗದ್ದನಕೇರಿ ಕ್ರಾಸ್ ದಾಟಿ ಬೀಳಗಿ ಕಡೆ ಹೊರಟ ಬಸ್ಸು ಅನಗವಾಡಿ ಸೇತುವೆ ಏರಿದೊಡನೆ ಕಿಟಕಿ ಪಕ್ಕದವರ ಕತ್ತು ತಾನಾಗಿ ಹೊರಳುತ್ತದೆ. ಮಳೆಗಾಲ ಮುಗಿದ ಮೇಲೆ ಇಲ್ಲಿ ಘಟಪ್ರಭೆಯ ದಂಡೆ ಯಾವುದು, ಹೊಲ ಯಾವುದು ಎಂದು ಗುರುತು ಹಿಡಿಯುವುದು ಕಷ್ಟ. ಆಲಮಟ್ಟಿಯ ಹಿನ್ನೀರು ಎರಡೂ ಕಡೆ ಹರವಾಗಿ ನಿಂತಿರುತ್ತದೆ. ಆ ನೀರಿನ ನಡುವೆ ಅಲ್ಲೊಂದು ಇಲ್ಲೊಂದು ಹರಿಗೋಲು. ಒಳಗೆ ಒಬ್ಬರೋ ಇಬ್ಬರೋ, ಕಾಲ ಬುಡದಲ್ಲಿ ಬಲೆಯ ರಾಶಿ. ಸೇತುವೆಯ ಮೇಲೆ ನಡೆದು ಹೋಗುವವನು ಆ ಹರಿಗೋಲನ್ನು ಸುಲಭವಾಗಿ ಹಿಂದೆ ಹಾಕಬಲ್ಲ.

ಇದೇ ಕಸುಬಿಗೆ, ಇಂಥದ್ದೇ ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿಗೆ, ಅಮೆರಿಕದಲ್ಲಿ ಇಳಿಯುವ ದೋಣಿಯೊಂದಿದೆ. ಬಾಸ್ ಎಂಬ ಸಿಹಿನೀರಿನ ಮೀನನ್ನು ಗಾಳ ಹಾಕಿ ಹಿಡಿಯುವವರ ‘ಬಾಸ್ ಬೋಟ್’ ಅದು. ಇಪ್ಪತ್ತು ಅಡಿ ಉದ್ದ. ಗಂಟೆಗೆ 110 ಕಿಲೊಮೀಟರ್ ಓಡುವುದು ಅದಕ್ಕೆ ದೊಡ್ಡ ಮಾತಲ್ಲ. ಆ ದೋಣಿಗಳಲ್ಲೂ ಒಂದು ಇನ್ನೊಂದಕ್ಕಿಂತ ವೇಗ. ಎಂಜಿನ್ ದೊಡ್ಡದಿರಬೇಕು ಎಂದುಬಿಡುವುದು ಸುಲಭ. ಆದರೆ ಅದೇ ಎಂಜಿನ್ನನ್ನು ಅನಗವಾಡಿಯ ಹರಿಗೋಲಿಗೆ ಕಟ್ಟಿದರೆ ಅದು ಗಿರಗಿರನೆ ಸುತ್ತಿ ಮುಳುಗೀತೇ ಹೊರತು ಓಡಲಾರದು. ವೇಗದ ಮೊದಲ ತೀರ್ಪು ಹೊರಬೀಳುವುದು ನೀರಿಗೆ ತಾಗುವ ತಳದಲ್ಲಿ. ಎಂಜಿನ್ನಿನ ಪಾಳಿ ಆಮೇಲೆ.

ಹರಿಗೋಲು ಕಟ್ಟುವುದನ್ನು ನೋಡಿದರೆ ಅದರ ಗುಣ ತಿಳಿಯುತ್ತದೆ. ಬಿದಿರನ್ನು ಉದ್ದುದ್ದ ಸೀಳಿ ನೆಲದ ಮೇಲೆ ಅಡ್ಡಡ್ಡ ಹೆಣೆಯುತ್ತಾರೆ. ನಡುವೆ ಕಲ್ಲು ಹೇರಿ, ಸುತ್ತಲಿನ ತುದಿಗಳನ್ನು ಮೇಲಕ್ಕೆ ಬಾಗಿಸಿ, ಅಂಚಿಗೆ ದಪ್ಪ ಕಟ್ಟು ಹಾಕುತ್ತಾರೆ. ಹೊರಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಚೀಲ, ತಾಡಪತ್ರಿ ಬಂದವು. ಮುಂದು ಹಿಂದು ಎಂಬುದಿಲ್ಲ, ತಳದಲ್ಲಿ ನಡುಪಟ್ಟಿಯೂ ಇಲ್ಲ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇದನ್ನು ಕಂಡು ಬೆರಗಾಗಿದ್ದ. ಬುಟ್ಟಿಯ ಹಾಗೆ ದುಂಡಗಿರುವ ಈ ದೋಣಿ ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ಆದರೆ ಉಳಿದ ದೋಣಿಗಳಂತೆ ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತದೆ ಎಂದು ಬರೆದಿಟ್ಟ.

ತಿರುಗದಂತೆ ನಡೆಸುವುದೇ ಅಂಬಿಗನ ಕೈಚಳಕ. ಉದ್ದದ ದೋಣಿಯಲ್ಲಿ ಪಕ್ಕಕ್ಕೆ ಕೂತು ನೀರನ್ನು ಹಿಂದಕ್ಕೆ ತಳ್ಳಬಹುದು. ಹರಿಗೋಲಿನಲ್ಲಿ ಹಾಗೆ ಮಾಡಿದರೆ ಗಿರಕಿ ಗ್ಯಾರಂಟಿ. ಅದಕ್ಕೇ ಹೋಗಬೇಕಾದ ದಿಕ್ಕಿನ ಅಂಚಿನಲ್ಲೇ ಕೂತು, ಹುಟ್ಟನ್ನು ಮುಂದೆ ಚಾಚಿ, ನೀರನ್ನು ಎದೆಯ ಕಡೆಗೆ ಸೆಳೆದುಕೊಳ್ಳಬೇಕು. ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ. ಬಲೆ ಎತ್ತುವ ಹೊತ್ತಿಗೆ ಹುಟ್ಟಿನ ಕೆಲಸವೂ ಮುಗಿಯಿತು. ಬೆಂಡು ಕಟ್ಟಿದ ಮೇಲಿನ ಹಗ್ಗ ಹಿಡಿದು ಒಂದೊಂದೇ ಮಾರು ಎಳೆದರೆ ಹರಿಗೋಲು ಬಲೆಯ ಗುಂಟ ತಾನಾಗಿ ಸರಿಯುತ್ತದೆ.

ಇಷ್ಟು ಪಳಗಿದ ಕೈಗೂ ಹರಿಗೋಲು ಒಂದು ಮಿತಿಯಾಚೆ ಓಡುವುದಿಲ್ಲ. ಇದರ ಗುಟ್ಟು ಬಿಡಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್. 1867ರಲ್ಲಿ ಆತ ಡಾರ್ಟ್ ನದಿಯಲ್ಲಿ ‘ಸ್ವಾನ್’, ‘ರೇವನ್’ ಎಂಬ ಬೇರೆ ಬೇರೆ ಆಕಾರದ ಮಾದರಿ ಹಡಗುಗಳನ್ನು ಎಳೆಸಿ ನೀರಿನ ತಡೆಯನ್ನು ಅಳೆದ. 1872ರಲ್ಲಿ ಟಾರ್ಕಿಯಲ್ಲಿ ಇದಕ್ಕೆಂದೇ ಉದ್ದದ ತೊಟ್ಟಿ ಸಿದ್ಧವಾಯಿತು. ದೋಣಿ ಮುಂದೆ ಹೋದಂತೆ ಅದರ ಮೂತಿಯಲ್ಲಿ ಅಲೆ ಏಳುತ್ತದೆ. ವೇಗ ಹೆಚ್ಚಿದಷ್ಟೂ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದವನ್ನು ಮೀರತೊಡಗಿದರೆ ಮೂತಿ ಅಲೆಯ ನೆತ್ತಿಯಲ್ಲೇ ಉಳಿದು, ಹಿಂಭಾಗ ತಗ್ಗಿಗೆ ಇಳಿಯುತ್ತದೆ. ಇನ್ನೂ ಜೋರಾಗಿ ಹೋಗಬೇಕೆಂದರೆ ತಾನೇ ಎಬ್ಬಿಸಿದ ದಿಬ್ಬವನ್ನು ತಾನೇ ಹತ್ತಬೇಕು.

ಇದರ ಲೆಕ್ಕ ಸರಳ. ನೀರಿಗೆ ತಾಗಿದ ಉದ್ದ ಎಷ್ಟು ಮೀಟರ್ ಇದೆಯೋ ಅದರ ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೊಮೀಟರ್ ಎಂಬ ಮಿತಿ ಸಿಗುತ್ತದೆ. ಎರಡು ಮೀಟರ್ ಅಗಲದ ಹರಿಗೋಲಿಗೆ ಅದು ಆರೂ ಚಿಲ್ಲರೆ. ಅದೂ ಲೆಕ್ಕದಲ್ಲಿ ಮಾತ್ರ; ದುಂಡು ತಳ ನೀರನ್ನು ಸೀಳುವ ಬದಲು ದೂಡುವುದರಿಂದ ಅಷ್ಟನ್ನು ಮುಟ್ಟುವುದೂ ಅಪರೂಪ. ಒಂಬತ್ತು ಮೀಟರ್ ಉದ್ದದ ಕರಾವಳಿಯ ನಾಡದೋಣಿಗೆ ಮಿತಿ ಹದಿಮೂರೂವರೆ. ಮಲ್ಪೆಯಲ್ಲೋ ಕಾರವಾರದಲ್ಲೋ ನಾಡದೋಣಿ ಕಿರಿದಾಗಿ, ಉದ್ದಕ್ಕೆ, ಚೂಪು ಮೂತಿಯಲ್ಲಿ ಇರುವುದಕ್ಕೆ ಕಾರಣವಿದೆ: ಕಡಿಮೆ ಬಲದಲ್ಲಿ ಹೆಚ್ಚು ದೂರ ಸಾಗಬೇಕು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಕಾಲದಲ್ಲೂ ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಕಡಲಿಗಿಳಿಯುವ ಅವಕಾಶವಿದೆ. ಅಂಥ ಉದ್ದನೆಯ ದೋಣಿಗೆ ಆ ಚಿಕ್ಕ ಎಂಜಿನ್ನೇ ಸಾಕಷ್ಟು ಕೆಲಸ ಮಾಡುತ್ತದೆ.

ಇಪ್ಪತ್ತು ಅಡಿ, ಎಂದರೆ ಆರು ಮೀಟರಿನ ಬಾಸ್ ಬೋಟಿಗೆ ಇದೇ ಲೆಕ್ಕ ಹಾಕಿದರೆ ಗಂಟೆಗೆ ಹನ್ನೊಂದು ಕಿಲೊಮೀಟರ್ ಬರುತ್ತದೆ. ಅದು ಓಡುವುದು ಇದರ ಹತ್ತು ಪಟ್ಟು. ಹೇಗೆಂದರೆ, ಅದು ತನ್ನ ಅಲೆಯನ್ನು ಹತ್ತಿ ದಾಟಿಬಿಡುತ್ತದೆ. ಒಮ್ಮೆ ದಾಟಿದ ಮೇಲೆ ನೀರಿನಲ್ಲಿ ತೇಲುವುದು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಹುಡುಗರು ಎಸೆದ ಚಪ್ಪಟೆ ಕಲ್ಲು ಕೆರೆಯ ಮೇಲೆ ಪುಟಿಯುತ್ತ ಹೋಗುವ ಹಾಗೆ, ವೇಗವೇ ಅದನ್ನು ಮೇಲೆತ್ತಿ ಹಿಡಿಯುತ್ತದೆ.

ಮೀನು ಹಿಡಿಯುವವರಿಗೆ ಇಷ್ಟು ಅವಸರ ಏಕೆ ಬಂತು? 1948ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಹೋಮ್ಸ್ ಥರ್ಮಂಡ್ ಕಟ್ಟಿದ ‘ಸ್ಕೀಟರ್’ ಎಂಬ ದೋಣಿಯನ್ನು ಬಾಸ್ ಬೋಟುಗಳ ಮೂಲ ಎನ್ನುತ್ತಾರೆ. ಅದು ಚಪ್ಪಟೆ ತಳದ ಸಾಧಾರಣ ದೋಣಿ. 1967ರಲ್ಲಿ ರೇ ಸ್ಕಾಟ್ ಎಂಬಾತ ಅರ್ಕನ್ಸಾದ ಬೀವರ್ ಜಲಾಶಯದಲ್ಲಿ ಬಾಸ್ ಹಿಡಿಯುವ ಪಂದ್ಯ ನಡೆಸಿದ ಮೇಲೆ ಆಟದ ಗತಿ ಬದಲಾಯಿತು. ಮರುವರ್ಷ ಅದೇ ರಾಜ್ಯದ ಫ್ಲಿಪ್ಪಿನ್ ಊರಿನಲ್ಲಿ ಫಾರೆಸ್ಟ್ ವುಡ್ ‘ರೇಂಜರ್’ ದೋಣಿಗಳನ್ನು ಕಟ್ಟಲು ಶುರುಮಾಡಿದ. ಪಂದ್ಯದಲ್ಲಿ ಬೆಳಗ್ಗೆ ಎಲ್ಲರೂ ಒಂದೇ ಜಾಗದಿಂದ ಹೊರಡಬೇಕು, ಸಂಜೆ ಗೊತ್ತಾದ ಹೊತ್ತಿಗೆ ತೂಕಕ್ಕೆ ಬರಬೇಕು. ತಡವಾದರೆ ನಿಮಿಷಕ್ಕಿಷ್ಟು ಎಂದು ತೂಕ ಕಡಿತ. ನಲವತ್ತು ಕಿಲೊಮೀಟರ್ ಆಚೆ ಮೀನು ಕಚ್ಚುವ ಮೂಲೆಯೊಂದು ಗೊತ್ತಿದ್ದರೆ, ಗಂಟೆಗೆ 50ರಲ್ಲಿ ಹೋಗಿ ಬರಲು ಒಂದು ಗಂಟೆ ಮೂವತ್ತಾರು ನಿಮಿಷ ಬೇಕು. 100ರಲ್ಲಿ ಹೋದವನಿಗೆ ನಲವತ್ತೆಂಟು ನಿಮಿಷ ಗಾಳ ಹಾಕಲು ಉಳಿಯುತ್ತದೆ.

ಹಾಗಾಗಿ ತಳದ ಮೇಲೆ ಕಣ್ಣು ಬಿತ್ತು. ಪೂರ್ತಿ ಚಪ್ಪಟೆ ತಳ ಬೇಗ ಮೇಲೇಳುತ್ತದೆ, ಆದರೆ ಅಲೆ ಬಂದರೆ ಬೆನ್ನುಮೂಳೆ ಮುರಿಯುವಷ್ಟು ಕುಕ್ಕುತ್ತದೆ. ‘ವಿ’ ಆಕಾರದ ಆಳ ತಳ ಅಲೆಯನ್ನು ಸೀಳುತ್ತದೆ, ಆದರೆ ಎತ್ತಲು ಹೆಚ್ಚು ಬಲ ಬೇಕು. ಎರಡರ ನಡುವೆ ಕುದುರಿದ ಒಪ್ಪಂದವೇ ‘ಪ್ಯಾಡ್’: ‘ವಿ’ಯ ಚೂಪನ್ನು ಹಿಂಭಾಗದಲ್ಲಿ ಕತ್ತರಿಸಿ ಮಾಡಿದ ಕಿರಿದಾದ ಸಪಾಟು ಪಟ್ಟಿ. ಪೂರ್ಣ ವೇಗದಲ್ಲಿ ದೋಣಿಯ ಬಹುಭಾಗ ಗಾಳಿಯಲ್ಲಿದ್ದು ಈ ಪಟ್ಟಿ, ಹಿಂದಿನ ತುಸು ಭಾಗ ಮಾತ್ರ ನೀರಿಗೆ ಒರಸಿಕೊಂಡು ಹೋಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನೀರಿಗೆ ತಾಗುವ ಅಂಗೈಯಗಲವೂ ವೇಗ ಕದಿಯುತ್ತದೆ.

ಎರಡನೆಯದು ತೂಕ. ಜಾರುವ ದೋಣಿಯ ವೇಗ ಸುಮಾರಾಗಿ ಅಶ್ವಶಕ್ತಿಯನ್ನು ತೂಕದಿಂದ ಭಾಗಿಸಿ ಬಂದದ್ದರ ವರ್ಗಮೂಲದಂತೆ ಏರುತ್ತದೆ. ವೇಗ ಇಮ್ಮಡಿ ಆಗಬೇಕೆಂದರೆ ಎಂಜಿನ್ ನಾಲ್ಕು ಪಟ್ಟು ದೊಡ್ಡದಿರಬೇಕು. ಅದಕ್ಕಿಂತ ಭಾರ ಇಳಿಸುವುದು ಅಗ್ಗ. ಹಿಡಿದ ಮೀನನ್ನು ಜೀವಂತ ಇಟ್ಟು ಮತ್ತೆ ನೀರಿಗೆ ಬಿಡಬೇಕೆಂಬ ಪದ್ಧತಿ ಇರುವುದರಿಂದ ದೋಣಿಯೊಳಗೇ ನೀರಿನ ತೊಟ್ಟಿ ಇರುತ್ತದೆ. ನೂರು ಲೀಟರ್ ತುಂಬಿದರೆ ನೂರು ಕಿಲೊ ಏರಿತು. ಪೆಟ್ರೋಲು, ಬ್ಯಾಟರಿ, ಗಾಳದ ಪೆಟ್ಟಿಗೆ, ಜೊತೆಗಾರ ಎಲ್ಲವೂ ಇದೇ ಲೆಕ್ಕಕ್ಕೆ. ಟೆನ್ನೆಸ್ಸೀಯ ಆಲಿಸನ್ ಕಂಪನಿಯ ಹಗುರ, ಕಿರಿದಾದ ದೋಣಿಗಳು ಅಗಲವಾದ ಪಂದ್ಯದ ದೋಣಿಗಳನ್ನು ಅಷ್ಟೇ ಎಂಜಿನ್ನಿನಲ್ಲಿ ಹಿಂದೆ ಹಾಕುವ ಗುಟ್ಟು ಇಲ್ಲಿದೆ. ಭಾರ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಮೂತಿ ಭಾರವಾದರೆ ತಳ ನೀರಿಗೆ ಅಂಟುತ್ತದೆ. ಹಿಂಭಾಗ ತೀರಾ ಭಾರವಾದರೆ ದೋಣಿ ಮೇಲೇಳುವುದೇ ತಡ.

ಇನ್ನುಳಿದದ್ದು ಎಂಜಿನ್ ಮತ್ತು ಪಂಕ. ಪಂಕ ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಬೇಕೆಂಬುದನ್ನು ‘ಪಿಚ್’ ಎನ್ನುತ್ತಾರೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್, 1.75ರ ಗೇರು, 26 ಇಂಚು ಪಿಚ್ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 136 ಕಿಲೊಮೀಟರ್ ಆಗಬೇಕು. ನೀರು ಜಾರುವುದರಿಂದ ನೂರಕ್ಕೆ ಹತ್ತು ಹೋಗಿ 122 ಉಳಿಯುತ್ತದೆ. ಎಂಜಿನ್ನನ್ನು ಒಂದಿಂಚು ಮೇಲೆತ್ತಿ ಕಟ್ಟಿದರೆ ಕೆಳಗಿನ ಗೇರಿನ ಭಾಗ ನೀರಿನಿಂದ ಅಷ್ಟು ಹೊರಬಂದು ತಡೆ ಕಡಿಮೆಯಾಗುತ್ತದೆ. ಅತಿಯಾದರೆ ಪಂಕ ಗಾಳಿ ಕುಡಿದು ಸುಮ್ಮನೆ ತಿರುಗುತ್ತದೆ, ತಂಪು ಮಾಡುವ ನೀರೂ ಸಿಗದೆ ಎಂಜಿನ್ ಕಾಯುತ್ತದೆ. ಒಂದೇ ಕಂಪನಿಯ, ಒಂದೇ ಎಂಜಿನ್ನಿನ ಎರಡು ದೋಣಿಗಳ ನಡುವೆ ಗಂಟೆಗೆ ಏಳೆಂಟು ಕಿಲೊಮೀಟರ್ ವ್ಯತ್ಯಾಸ ಬಂದರೆ ಇಂಥ ಒಂದಿಂಚು, ಎರಡಿಂಚುಗಳನ್ನೇ ಮೊದಲು ಹುಡುಕುತ್ತಾರೆ.

ಈ ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ. ಕಿರಿದಾದ ಪಟ್ಟಿಯ ಮೇಲೆ ನಿಂತ ದೋಣಿ ಎಡಕ್ಕೂ ಬಲಕ್ಕೂ ಹೊಯ್ದಾಡಲು ಶುರುವಾದರೆ ಅನುಭವಿಯ ಕೈಯಲ್ಲೂ ನಿಲ್ಲುವುದಿಲ್ಲ. ಚಾಲಕ ನೀರಿಗೆ ಬಿದ್ದೊಡನೆ ಎಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್ ಅನ್ನು 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಬಳಸಲೇಬೇಕೆಂದು ಅಮೆರಿಕ 2021ರ ಏಪ್ರಿಲ್‌ನಲ್ಲಿ ಕಡ್ಡಾಯ ಮಾಡಿತು.

ಅನಗವಾಡಿಯ ನೀರು ಬೇರೆ ಲೆಕ್ಕ ಕೇಳುತ್ತದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟೆ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಹಿಡಿಯುವ ನೀರು 123 ಟಿಎಂಸಿ ಅಡಿ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದಿಂದ ಈ ಸೇತುವೆಯಾಚೆಯವರೆಗೂ ಅದರ ಹಿನ್ನೀರು ಚಾಚುತ್ತದೆ. ಆದರೆ ಮಟ್ಟ ವರ್ಷವಿಡೀ ಒಂದೇ ಇರುವುದಿಲ್ಲ. ಬೇಸಿಗೆ ಹತ್ತಿರವಾದಂತೆ ಅಂಚಿನ ನೀರು ಮೊಳಕಾಲುದ್ದಕ್ಕೆ ಇಳಿದು, ಮುಳುಗಡೆಯಾದ ಹೊಲದ ಬದು, ಮರದ ಬೊಡ್ಡೆ, ಹಳೆಯ ಗೋಡೆ ನೀರಿನಡಿಯಲ್ಲಿ ಮೇಲ್ಮೈಗೆ ಹತ್ತಿರವಾಗುತ್ತವೆ. ಅಲ್ಲಿ ವೇಗದ ಪಂಕ ಇಳಿಸಿದರೆ ಮೊದಲು ಮುರಿಯುವುದು ಪಂಕವೇ. ಸಂಜೆ ಕಟ್ಟಿ ಬೆಳಗ್ಗೆ ಎತ್ತುವ ಬಲೆಗಳೂ ಅದಕ್ಕೆ ಸುತ್ತಿಕೊಳ್ಳುತ್ತವೆ. ಗೇಣುದ್ದದ ನೀರಿನಲ್ಲೂ ತೇಲುವ, ಯಾವ ದಿಕ್ಕಿಗೂ ಅಲ್ಲೇ ಹೊರಳುವ, ಒಬ್ಬನೇ ದಂಡೆಗೆ ಎಳೆದು ಮಗುಚಿ ಹಾಕಬಹುದಾದ ದೋಣಿಗೆ ಇಲ್ಲಿ ಬೇಡಿಕೆ. ಕಟ್ಲಾ, ರೋಹು, ಜಿಲೇಬಿ ಬೀಳುವ ಬಲೆಯೂ ಊರಿನ ದಂಡೆಯಿಂದ ಬಹಳ ದೂರದಲ್ಲೇನೂ ಇರುವುದಿಲ್ಲ.

ಈಚೆಗೆ ಬಂದಿರುವ ಬದಲಾವಣೆ ಎಂದರೆ ಫೈಬರ್. ಒಳನಾಡು ಮೀನುಗಾರರಿಗೆ ಮೀನುಗಾರಿಕೆ ಇಲಾಖೆ ಸಹಾಯಧನದಲ್ಲಿ ಬಲೆಯ ಜೊತೆ ಫೈಬರ್ ಹರಿಗೋಲನ್ನೂ ಕೊಡುತ್ತದೆ. ಬಿದಿರು ಕೊಳೆಯುವ ಚಿಂತೆಯಿಲ್ಲ, ಮತ್ತೆ ಮತ್ತೆ ಡಾಂಬರು ಬಳಿಯುವ ಕೆಲಸವೂ ಇಲ್ಲ. ಹೆಣಿಗೆಯ ಉಬ್ಬುತಗ್ಗು ಇಲ್ಲದ ನುಣುಪು ತಳ ನೀರಿನಲ್ಲಿ ತುಸು ಹಗುರವಾಗಿ ಸರಿಯುತ್ತದೆ, ರಟ್ಟೆಗೆ ಅಷ್ಟು ಬಿಡುವು. ಆದರೆ ಅದೂ ದುಂಡಗೇ ಇದೆ, ಅಗಲವೂ ಹೆಚ್ಚುಕಡಿಮೆ ಅಷ್ಟೇ ಇದೆ. ಹಾಗಾಗಿ ಗಂಟೆಗೆ ಆರು ಕಿಲೊಮೀಟರಿನ ಮಿತಿ ಫೈಬರಿಗೂ ತಪ್ಪಿಲ್ಲ.